ಸಹಾಯ ಬೇಕು: ಸಕುರಾಳ ‘ಕ್ಲಿಯರ್ ಕಾರ್ಡ್’ ಮುಗಿದ ಮೇಲೆ ಮಂಗಾ (ಜಪಾನಿ ಚಿತ್ರಕಥೆ ಪುಸ್ತಕ) ಎಲ್ಲಿಂದ ಓದಬೇಕು?

ಸ್ನೇಹಿತರೇ, ಮಾಯಾ ಕಾರ್ಡ್‌ಗಳನ್ನು ಹಿಡಿಯುವ ಹುಡುಗಿ ಸಕುರಾಳ ಕಥೆ ಹೇಳುವ ಜಪಾನಿ ಅನಿಮೇಷನ್ ಸರಣಿ ‘ಕಾರ್ಡ್‌ಕ್ಯಾಪ್ಟರ್ ಸಕುರಾ’ದ ಹಳೆಯ 70 ಕಂತುಗಳೆಂದರೆ ನನಗೆ ಪ್ರಾಣ. ಈಗ ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, 2018ರಲ್ಲಿ ಬಂದ ಮುಂದುವರಿದ ಭಾಗ ‘ಕ್ಲಿಯರ್ ಕಾರ್ಡ್’ ಅನ್ನು ಮತ್ತೆ ನೋಡಿದೆ. ಕನಸಿನಿಂದ ಬೆಚ್ಚಿ ಎದ್ದ ಸಕುರಾ ಪುಸ್ತಕ ತೆರೆದರೆ ಕಾರ್ಡ್‌ಗಳೆಲ್ಲ ಬಣ್ಣ ಕಳೆದುಕೊಂಡು ಪಾರದರ್ಶಕವಾಗಿವೆ! ಮಗಳು ಉಸಿರು ಬಿಗಿಹಿಡಿದು ನೋಡಿದಳು. ಸಕುರಾಳ ಗೆಳತಿ ಟೊಮೊಯೊ ಹೊಲಿದುಕೊಡುವ ಒಂದೊಂದು ಹೊಸ ಉಡುಪಿಗೂ ಚಪ್ಪಾಳೆ ತಟ್ಟಿದಳು.

ಆದರೆ 22 ಕಂತುಗಳಿಗೇ ಕಥೆ ಅರ್ಧಕ್ಕೆ ನಿಂತಿದೆ. ‘ಅಕಿಹೊಗೆ (ಸಕುರಾಳ ತರಗತಿಗೆ ಹೊಸದಾಗಿ ಸೇರಿದ ಹುಡುಗಿ) ಏನಾಯಿತು?’ ಎಂದು ಮಗಳು ದಿನವೂ ಕೇಳುತ್ತಾಳೆ. ಕ್ಲಾಂಪ್ ಎಂಬ ಚಿತ್ರಕಥೆಗಾರ್ತಿಯರ ಬಳಗದ ಮಂಗಾವನ್ನು ಪೂರ್ತಿ ಓದಿದವರು ದಯವಿಟ್ಟು ತಿಳಿಸಿ: ಯಾವ ಸಂಪುಟದಿಂದ ಹಿಡಿಯಬೇಕು, ಅಥವಾ ಮೊದಲಿನಿಂದಲೇ ಓದುವುದು ಒಳ್ಳೆಯದೇ? ಕೊನೆಯ ಸಂಪುಟಗಳು ಈ ವಯಸ್ಸಿಗೆ ಕಷ್ಟವಾಗುತ್ತವೆಯೇ? ಕನ್ನಡದಲ್ಲಿ ಹೇಳುತ್ತಾ ನಾನೇ ಓದಿಸುತ್ತೇನೆ.