ನೆನೆದ ಕ್ಯಾನ್ವಾಸನ್ನು ಮಡಚಬೇಡ

ರವಿ, ನಿನ್ನ ಸಂದೇಶವನ್ನು ಈಗಷ್ಟೇ ಕೇಳಿದೆ. ಹರಾಜಿನಲ್ಲಿ ಕೊಂಡ ಮಿಲಿಟರಿ ಲಾರಿಗೆ ಹೊಲಿಸಿದ ಹೊಸ ಕ್ಯಾನ್ವಾಸ್ ರಾತ್ರಿಯ ಮಳೆಗೆ ತೊಯ್ದು ಒಳಗೆಲ್ಲ ತೊಟ್ಟಿಕ್ಕುತ್ತಿದೆ, ಕಾಗದಪತ್ರ ನಿನ್ನ ಹೆಸರಿಗೆ ಆಗುವವರೆಗೆ ಬಿಚ್ಚಿ ಮಡಚಿಡಲೇ ಎಂದು ಕೇಳಿದ್ದೀಯ. ಬೇಡ. ಒದ್ದೆ ಕ್ಯಾನ್ವಾಸನ್ನು ಯಾವ ಕಾರಣಕ್ಕೂ ಮಡಚಬೇಡ.

ನಮ್ಮ ಹಳೆಯ ಮಿಲಿಟರಿ ಲಾರಿ ಎಂ-35 ಈ ಗುಂಪಿನಲ್ಲಿರುವ ನಿಮಗೆಲ್ಲ ನೆನಪಿರಲೇಬೇಕು. ಎರಡೂವರೆ ಟನ್ ಹೊರೆ ಹೊರುವಂಥದ್ದು, ಹತ್ತು ಚಕ್ರ. ದೊಡ್ಡಮ್ಮ ಅದರ ಪಕ್ಕ ನಿಂತ ಫೋಟೋ ಎಲ್ಲರ ಬಳಿಯೂ ಇದೆ. ಆ ಲಾರಿಗೆ ಕೀಲಿಯೇ ಇಲ್ಲ, ಸ್ವಿಚ್ ತಿರುಗಿಸಿ ಗುಂಡಿ ಒತ್ತಿದರೆ ಹೊರಡುತ್ತದೆ. ಹಾಗಾಗಿ ಗಾಡಿ ನಮ್ಮದು ಎನ್ನಲು ಕಾಗದ ಬಿಟ್ಟರೆ ಬೇರೆ ಗತಿಯಿಲ್ಲ. ನನಗೆ ಕೊಟ್ಟ ಬಿಡುಗಡೆ ಪತ್ರದಲ್ಲಿ, ಅಂದರೆ ಗಾಡಿಯನ್ನು ಬಿಟ್ಟುಕೊಟ್ಟಿದೆ ಎನ್ನುವ ಕಾಗದದಲ್ಲಿ, ಗಾಡಿಯ ಸಂಖ್ಯೆಯಲ್ಲಿ 8 ಇರಬೇಕಾದ ಕಡೆ 3 ಟೈಪಾಗಿತ್ತು. ಚಾಸಿಯ ಮೇಲೆ ಕೊರೆದ ಸಂಖ್ಯೆಗೆ ಅದು ತಾಳೆಯಾಗಲಿಲ್ಲ. ಆ ಒಂದು ಅಂಕಿಗಾಗಿ ಲಾರಿ ಏಳು ತಿಂಗಳು ನಿಂತಲ್ಲೇ ನಿಂತಿತು.

ಬಿಸಿಲು, ಮಳೆಗೆ ಹಾಳಾದೀತೆಂದು ನಾನು ಅದರ ಕ್ಯಾನ್ವಾಸ್ ಹೊದಿಕೆಯನ್ನು ಬಿಚ್ಚಿ, ಮಡಚಿ, ಹಗ್ಗ ಬಿಗಿದು ಮೂಲೆಗಿಟ್ಟೆ. ಕೈಗೆ ತಣ್ಣಗೆ ತಾಕುತ್ತಿತ್ತು; ಅದು ತೇವವೆಂದು ತಿಳಿಯದೆ ಒಣಗಿದೆ ಎಂದುಕೊಂಡೆ. ಏಳು ತಿಂಗಳ ಮೇಲೆ ಬಿಚ್ಚಿದಾಗ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಮಡಿಕೆ ಬಿದ್ದಲ್ಲೆಲ್ಲ ಕಪ್ಪು ಬೂಸ್ಟು, ಚೌಕ ಚೌಕವಾಗಿ ಗೆರೆ ಎಳೆದ ಹಾಗೆ. ಬೆರಳು ಒತ್ತಿದೆ, ಬೆರಳು ಆಚೆಗೆ ಬಂತು. ಉಳಿದದ್ದು ಹಗ್ಗ ತೂರಿಸುವ, ಕಿಲುಬು ಹಿಡಿದ ಹಿತ್ತಾಳೆಯ ಕಣ್ಣುಗಳು (ಬಳೆಗಳು) ಮಾತ್ರ. ಅದಕ್ಕೇ ಹೇಳುತ್ತಿದ್ದೇನೆ, ಒದ್ದೆಯಿರುವಾಗ ಮಡಚಬೇಡ ಮಗು.

ಹಾಗೆ ಮಡಚಿಡಲು ಹೇಳಿದವನು ನಿನ್ನ ಚಿಕ್ಕಪ್ಪ. ಒಬ್ಬನೇ ಎತ್ತಲಾಗದ ಭಾರ, ಒಂದು ಕೈ ಕೊಡು ಎಂದರೆ ಬರಲಿಲ್ಲ. ಕೊಳೆತ ಮೇಲೆ ಬಂದು, ಇದಕ್ಕೆ ಇಷ್ಟು ಹಣ ಸುರಿದೆಯಾ ಎಂದ. ಹಣದ ಮಾತು ಬಿಡಿ, ನೀರು ತಡೆಯಲೆಂದು ನಾಲ್ಕು ವಾರಾಂತ್ಯ ಕುಳಿತು ಅದಕ್ಕೆ ಮೇಣ ತಿಕ್ಕಿದ್ದೆ. ಅವನೂ ಈ ಗುಂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ. ಇಂದಿಗೂ ಒಂದು ಮಾತು ಆಡಿಲ್ಲ.

ಅಯ್ಯೋ, ಮುಖ್ಯವಾದದ್ದನ್ನೇ ಮರೆತೆ. ಮೊದಲು ಹೋಗಿ ಹಗ್ಗಗಳನ್ನು ಸಡಿಲಿಸು. ಹತ್ತಿಯ ಹಗ್ಗವೂ ಬಟ್ಟೆಯೂ ನೆನೆದರೆ ಬಿಗಿದುಕೊಳ್ಳುತ್ತವೆ, ಕಣ್ಣುಗಳು ಕಿತ್ತು ಬರುತ್ತವೆ. ಹೊದಿಕೆ ಅದನ್ನು ಹೊರುವ ಲಾರಿಯ ಕಮಾನುಗಳ ಮೇಲೆಯೇ ಇರಲಿ, ಹಿಂದಿನ ಪರದೆ ಎತ್ತಿ ಕಟ್ಟು, ಗಾಳಿಯಾಡಲಿ. ಸೋರುವುದಕ್ಕೆ ಹೆದರಬೇಡ, ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಗೆ ಸೋರುವುದುಂಟು. ನೂಲು ನೀರು ಕುಡಿದು ಉಬ್ಬಿದಂತೆ ನೇಯ್ಗೆಯ ಸಂದುಗಳು ಮುಚ್ಚುತ್ತವೆ. ಒಣಗಿದ ಮೇಲೆ ಮಣ್ಣನ್ನು ಬ್ರಷ್ಷಿನಿಂದ ಉದುರಿಸು, ಸೋಪು ಹಾಕಬೇಡ, ನೀರು ತಡೆಯುವ ಲೇಪ ಹೋಗಿಬಿಡುತ್ತದೆ.

ಇನ್ನು ಬಿಡುಗಡೆ ಪತ್ರ. ಅದರ ಫೋಟೋ, ಚಾಸಿಯ ಸಂಖ್ಯೆಯ ಫೋಟೋ ಎರಡನ್ನೂ ನನಗೆ ಇವತ್ತೇ ಕಳುಹಿಸು. ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ನೋಡಿ ಹೇಳುತ್ತೇನೆ.