ಪುಟ್ಟಿಯ ಗುರುವಾರದ ಕ್ಲಾಸಿನ ಬಗ್ಗೆ ದೊಡ್ಡಮ್ಮನ ವಾಯ್ಸ್ ಮೆಸೇಜ್

ಹಾಂ, ರೆಕಾರ್ಡ್ ಆಗ್ತಾ ಇದೆ. ಮಗಳೇ, ನಿನ್ನ ಮೆಸೇಜ್ ನೋಡ್ದೆ. ಪುಟ್ಟಿ ಚಿಕ್ಕಅಳುವಾರದಲ್ಲಿ ಎಂ.ಎ. ಕನ್ನಡಕ್ಕೆ ಸೇರಿ ತಿಂಗಳಾಯ್ತು, ಪಾಠ ಅರ್ಥ ಆಗುತ್ತೆ, ಆದ್ರೆ ಗುರುವಾರದ ಚರ್ಚೆ ಕ್ಲಾಸ್‌ನಲ್ಲಿ ಬಾಯೇ ಬಿಡಲ್ಲ, ಅದಕ್ಕೂ ಇಂಟರ್ನಲ್ ಮಾರ್ಕ್ಸ್ ಇದೆಯಂತೆ, ಏನ್ ಮಾಡೋದು ದೊಡ್ಡಮ್ಮ ಅಂತ ಕೇಳಿದೀಯ. ಈ ವಾರ ಬಸವಣ್ಣನವರ ‘ಉಳ್ಳವರು ಶಿವಾಲಯ’ ವಚನ ಅಂತಾನೂ ಹಾಕಿದೀಯ.

ಅವಳದು ಅವಳಜ್ಜನ ಸ್ವಭಾವ, ನಿಮಗೆಲ್ಲ ಗೊತ್ತಲ್ಲ, ಹತ್ತು ಸಲ ಕೇಳಿದ್ರೆ ಒಂದು ಮಾತು. ಅದಕ್ಕೆ ಹೆದರಬೇಡ. ಮಾತು ಕಡಿಮೆ ಆದ್ರೆ ಮಾರ್ಕ್ಸ್ ಹೋಗಲ್ಲ. ಪುಸ್ತಕ ಬಿಚ್ಚದೆ ಮಾತಾಡಿದ್ರೆ ಹೋಗುತ್ತೆ.

ನಾನು ಪಾಠ ಮಾಡ್ತಿದ್ದ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಸುಂಟಿಕೊಪ್ಪದ ಕಡೆಯವನು. ಒಳ್ಳೇ ಮಾತುಗಾರ. ಆ ವಾರ ಕೊಡಗಿನ ಗೌರಮ್ಮನವರ ಒಂದು ಕಥೆ ಚರ್ಚೆಗಿತ್ತು. ‘ನಮ್ಮೂರವರು’ ಅಂತ ಇವನೇ ಮೊದಲು ಶುರು ಮಾಡ್ದ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ್ದು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಒಡವೆ ಬಿಚ್ಚಿ ಕೊಟ್ಟಿದ್ದು, 1939ರಲ್ಲಿ 27ನೇ ವಯಸ್ಸಿಗೇ ಹೊಳೆಯಲ್ಲಿ ಮುಳುಗಿ ತೀರಿಹೋಗಿದ್ದು. ಹನ್ನೆರಡು ನಿಮಿಷ ಹೇಳ್ದ. ಒಂದೂ ಸುಳ್ಳಲ್ಲ. ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಒಬ್ಬಳು, ‘ಈ ಕಥೆ ಹೇಳ್ತಾ ಇರೋದು ಯಾರು? ಅವರ ಮಾತನ್ನ ಎಷ್ಟು ನಂಬಬಹುದು?’ ಅಂತ ಕೇಳಿದ್ಳು. ಇವನು ಪುಸ್ತಕ ತಿರುವೋಕೆ ಹೋದ. ಹೊಸ ಪುಸ್ತಕ, ಹಾಳೆಗಳು ಇನ್ನೂ ಒಂದಕ್ಕೊಂದು ಅಂಟ್ಕೊಂಡೇ ಇದ್ವು. ಉಗುರು ಹಾಕಿ ಬಿಡಿಸ್ತಾ ನಿಂತ. ಹತ್ತಕ್ಕೆ ಎರಡು ಬಂತು. ಐವತ್ತು ನಿಮಿಷದ ಕ್ಲಾಸಲ್ಲಿ ಹನ್ನೆರಡು ನಿಮಿಷ ಇವನೊಬ್ಬನೇ ತಗೊಂಡ, ಓದ್ಕೊಂಡು ಬಂದಿದ್ದ ನಾಲ್ಕೈದು ಮಕ್ಕಳಿಗೆ ಸಮಯಾನೇ ಸಿಗ್ಲಿಲ್ಲ.

ಆ ಹುಡುಗ ದಡ್ಡ ಅಲ್ಲ. ಗೌರಮ್ಮನವರ ಬಗ್ಗೆ ಬೇರೆಯವರಿಗಿಂತ ಅವನಿಗೇ ಜಾಸ್ತಿ ಗೊತ್ತಿತ್ತು. ಗೊತ್ತಿದೆ ಅನ್ನೋ ಧೈರ್ಯಕ್ಕೇ ಕಥೆ ಓದ್ಲಿಲ್ಲ. ಪುಟ್ಟಿಗೆ ಹೇಳು, ಗೊತ್ತಿರೋದನ್ನ ಹೇಳೋಕೆ ಹೋಗಬಾರದು, ಹಾಳೆ ಮೇಲೆ ಇರೋದನ್ನ ಹೇಳಬೇಕು.

ನನಗೆ ಭಯ ಇರೋದು ಈ ವಾರದ ವಚನಕ್ಕೇ. ನಮ್ಮನೇಲಿ ಚಿಕ್ಕ ಮಕ್ಕಳಿಗೂ ಅದು ಬಾಯಿಗೆ ಬರುತ್ತೆ. ಪುಟ್ಟಿ ನಾಲ್ಕನೇ ವಯಸ್ಸಿಗೆ ಶನಿವಾರಸಂತೆ ಮನೆ ಜಗಲಿ ಮೇಲೆ ನಿಂತು ಹೇಳಿದ್ದು ಎಲ್ಲರಿಗೂ ನೆನಪಿರಬೇಕು. ಅದಕ್ಕೇ ಅವಳು ಅದನ್ನ ಓದಲ್ಲ, ಕಾಯಕ, ದಾಸೋಹ, ಸಮಾನತೆ ಅಂತ ಭಾಷಣ ಮಾಡ್ಬಿಡ್ತಾಳೆ. ಆ ಭಾಷಣ ಯಾವ ವಚನಕ್ಕೆ ಬೇಕಾದ್ರೂ ಹೊಂದುತ್ತೆ. ಇನ್ನೊಂದು ಸಲ ಹೇಳ್ತೀನಿ, ಗೊತ್ತಿರೋದನ್ನ ಬಿಟ್ಟು ಹಾಳೆ ಮೇಲೆ ಇರೋದನ್ನ ಹೇಳಬೇಕು.

ಓದೋಕೆ ಟೈಮ್ ಎಲ್ಲಿದೆ ಅಂತ ಅವಳು ಕೇಳಿದ್ರೆ ತಪ್ಪು ಅವಳದಲ್ಲ, ನಮ್ಮದು. ಇದನ್ನ ಗ್ರೂಪಲ್ಲಿ ಎಲ್ಲರೂ ಕೇಳಿಸ್ಕೊಳ್ಳಿ. ಮನೇಲಿ ಇಂಜಿನಿಯರಿಂಗ್ ಹುಡುಗ ಪುಸ್ತಕ ಹಿಡಿದ್ರೆ ‘ಓದ್ತಾ ಇದಾನೆ, ಕರೀಬೇಡಿ’ ಅಂತೀವಿ. ಇವಳು ಹಿಡಿದ್ರೆ ‘ಕಥೆ ಪುಸ್ತಕ ತಾನೆ, ಆಮೇಲೆ ಓದುವಿಯಂತೆ, ಕಣದಲ್ಲಿ ಕಾಫಿ ತಿರುವಿ ಹಾಕು ಬಾ’ ಅಂತೀವಿ. ಹೋದ ತಿಂಗಳು ನಾಮಕರಣಕ್ಕೆ ಅಂತ ಬುಧವಾರವೇ ಕರೆಸ್ಕೊಂಡ್ರಿ, ಗುರುವಾರದ ಕ್ಲಾಸ್ ತಪ್ತು. ಚರ್ಚೆ ಕ್ಲಾಸ್ ತಪ್ಪಿದ್ರೆ ಗೆಳತಿಯ ನೋಟ್ಸ್ ತಗೊಂಡು ತುಂಬಿಸೋಕಾಗಲ್ಲ, ಅಲ್ಲಿ ಕೂತು ಮಾತಾಡೋದೇ ಆ ಕ್ಲಾಸು. ಕುಯ್ಲು ಶುರುವಾದ ಮೇಲೂ ಬುಧವಾರ, ಗುರುವಾರ ಅವಳನ್ನ ಯಾರೂ ಕರೀಬಾರದು. ನನಗೆ ಇದು ಬಹಳ ದಿನದಿಂದ ಮನಸ್ಸಲ್ಲಿದೆ, ಬೇಜಾರಾದ್ರೂ ಪರವಾಗಿಲ್ಲ.

ಅಯ್ಯೋ, ನೀನು ಕೇಳಿದ್ದು ಗುರುವಾರ ಏನು ಮಾಡಬೇಕು ಅಂತ. ಅದನ್ನ ಹೇಳಲೇ ಇಲ್ಲ ನೋಡು.

ಮೊದಲು ವಚನದ ಪಾಠ, ಅಂದ್ರೆ ಅದರ ಪದಗಳು, ಸರಿ ಇರಬೇಕು. ವಾಟ್ಸಾಪಲ್ಲಿ, ಕ್ಯಾಲೆಂಡರಲ್ಲಿ ಬರೋ ವಚನದಲ್ಲಿ ಒಂದೊಂದು ಕಡೆ ಒಂದೊಂದು ಪದ. ಸರ್ಕಾರದ ಸಮಗ್ರ ವಚನ ಸಂಪುಟ ಒಟ್ಟು 15 ಇದೆ, ಬಸವಣ್ಣನವರದು ಮೊದಲನೇದು. ಮೇಷ್ಟ್ರು ಬೇರೆ ಪುಸ್ತಕ ಹೇಳಿದ್ರೆ ಅದೇ ಇರಲಿ. ವಚನದ ನಂಬರ್ ಸಮೇತ ಜೆರಾಕ್ಸ್ ಮಾಡಿಸಲಿ, ಮೊಬೈಲಲ್ಲಿ ಬೇಡ. ಸಾಲಿನ ಮಧ್ಯೆ ಅಗಲ ಜಾಗ ಇರಬೇಕು, ಪೆನ್ಸಿಲಲ್ಲಿ ಬರೆಯೋಕೆ. ಸಣ್ಣ ವಚನ ಅಂತ ಹತ್ತು ನಿಮಿಷಕ್ಕೆ ಮುಗಿಸಬಾರದು, ಮುಕ್ಕಾಲು ಗಂಟೆ ಬೇಕು. ಒಂದು ಸಲ ಜೋರಾಗಿ ಓದಲಿ. ಎರಡನೇ ಸಲ ಪೆನ್ಸಿಲ್ ಹಿಡಿದು, ನಾಲಿಗೆ ತಡವರಿಸಿದ ಕಡೆ, ಬಂದ ಪದವೇ ಮತ್ತೆ ಬಂದ ಕಡೆ ಗೆರೆ ಎಳೀಲಿ.

‘ಕಾಲೇ ಕಂಬ, ದೇಹವೇ ದೇಗುಲ’ ಅಂತ ಇದೆಯಲ್ಲ, ಅಲ್ಲಿ ಕಾಲು ಕಂಬದ ಹಾಗೆ ಅನ್ನಲಿಲ್ಲ, ಕಾಲೇ ಕಂಬ ಅಂದ್ರು. ಆ ಏಕಾರ ತೆಗೆದು ಓದಿ ನೋಡಲಿ, ಸಾಲಿನ ಬಲವೇ ಹೋಗುತ್ತೆ. ಕಾ, ಕಂ, ದೇ, ದೇ ಅಂತ ಅಕ್ಷರ ಜೋಡಿ ಜೋಡಿಯಾಗಿ ಬರುತ್ತೆ. ಶಿರ, ಕಳಶಕ್ಕೆ ಬಂದಾಗ ಆ ಜೋಡಿ ತಪ್ಪುತ್ತೆ. ಅಷ್ಟು ನೋಡಿ ಹೇಳಿದ್ರೇ ಮೇಷ್ಟ್ರು ಪೆನ್ನು ಕೆಳಗಿಟ್ಟು ಕೇಳ್ತಾರೆ.

ಆಮೇಲೆ ಒಂದು ಪ್ರಶ್ನೆ. ಹೌದು, ಇಲ್ಲ ಅಂತ ಮುಗಿದುಹೋಗೋ ಪ್ರಶ್ನೆ ಬೇಡ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಅಂತಾರೆ ಕೊನೇಲಿ. ಸ್ಥಾವರ ಅಂದ್ರೆ ಕದಲದೆ ನಿಂತಿರೋದು, ಜಂಗಮ ಅಂದ್ರೆ ಚಲಿಸೋದು. ಹಾಗಾದ್ರೆ ದೇಹವೂ ಅಳಿಯೋದೇ ಅಲ್ವಾ, ಅದು ಜಂಗಮದ ಕಡೆ ಹೇಗೆ ಸೇರ್ತು? ಇದಕ್ಕೆ ಉತ್ತರ ಅವಳಿಗೆ ಗೊತ್ತಿರಬೇಕು ಅಂತಿಲ್ಲ, ಕೇಳೋದೇ ಅವಳ ಪಾಲಿನ ಕೆಲಸ.

ಮಾತು ಮೊದಲ ಹದಿನೈದು ನಿಮಿಷದ ಒಳಗೇ ಆಡಿಬಿಡಬೇಕು. ಕಾದಷ್ಟೂ ಎದೆ ಹೊಡ್ಕೊಳ್ಳುತ್ತೆ, ಅಷ್ಟರಲ್ಲಿ ಅವಳ ಮಾತನ್ನ ಬೇರೆ ಯಾರೋ ಹೇಳಿರ್ತಾರೆ. ಮೊದಲ ವಾಕ್ಯ ಬರೆದಿಟ್ಟುಕೊಂಡು ಓದಿದ್ರೂ ತಪ್ಪಿಲ್ಲ. ಮೊದಲು ಎಷ್ಟನೇ ಸಾಲು ಅಂತ ಹೇಳಿ, ಎಲ್ಲರೂ ಹುಡುಕೋವರೆಗೂ ನಿಂತು, ಸಾಲು ಓದಿ, ಆಮೇಲೆ ತನ್ನ ಮಾತು. ಒಂದು ನಿಮಿಷ ಸಾಕು. ಬೇರೆಯವರು ಹೇಳಿದ್ದು ಒಪ್ಪಿಗೆ ಆಗದಿದ್ರೆ ‘ತಪ್ಪು’ ಅನ್ನೋದು ಬೇಡ, ‘ಆ ಸಾಲು ನನಗೆ ಬೇರೆ ಥರ ಕೇಳಿಸ್ತು’ ಅಂತ ಸಾಲನ್ನೇ ತೋರಿಸಲಿ.

ಮಾರ್ಕ್ಸ್ ಹೇಗೆ ಹಾಕ್ತಾರೆ, ಹಾಜರಿಗೆಷ್ಟು, ಮಾತಿಗೆಷ್ಟು ಅಂತ ಮೇಷ್ಟ್ರನ್ನೇ ಕೇಳಲಿ, ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ. ಬುಧವಾರ ರಾತ್ರಿ ಎಂಟು ಗಂಟೆಗೆ ಪುಟ್ಟಿ ನನಗೆ ಫೋನ್ ಮಾಡ್ಲಿ, ಹಾಳೆ ಮುಂದಿಟ್ಟುಕೊಂಡು ಆ ಒಂದು ನಿಮಿಷದ ಮಾತು ಹೇಳಿ ತೋರಿಸಲಿ. ಕರೆಂಟ್ ಹೋಗಿ ನೆಟ್‌ವರ್ಕ್ ಸಿಗದಿದ್ರೆ ಲ್ಯಾಂಡ್‌ಲೈನಿಗೆ ಮಾಡ್ಲಿ.