ಪೆನ್ ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಫಾರ್ಮ್ಯಾಟ್ ಮಾಡಿದರೂ ವೈರಸ್ ಮರಳಿ ಬರುವುದೇಕೆ?

ಪ್ರಶ್ನೆ

ನಮಸ್ಕಾರ. ನನ್ನ ಪೆನ್ ಡ್ರೈವ್‌ನಲ್ಲಿದ್ದ ಫೋಲ್ಡರ್‌ಗಳೆಲ್ಲ ಏಕಾಏಕಿ ಶಾರ್ಟ್‌ಕಟ್‌ಗಳಾಗಿವೆ. ಹೆಸರುಗಳು ಮೊದಲಿನವೇ, ಆದರೆ ಪ್ರತಿ ಐಕಾನ್‌ನ ಮೂಲೆಯಲ್ಲೂ ಚಿಕ್ಕ ಬಾಣದ ಗುರುತು ಬಂದಿದೆ, ಗಾತ್ರ ಒಂದೆರಡು ಕೆಬಿಗೆ ಇಳಿದಿದೆ. ವಿಚಿತ್ರವೆಂದರೆ, ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಳಗಿನ ಕಡತಗಳು ಎಂದಿನಂತೆ ಕಾಣಿಸುತ್ತವೆ. ಡ್ರೈವ್‌ನಲ್ಲಿ ಬಳಕೆಯಾದ ಜಾಗವೂ ಕಡಿಮೆಯಾಗಿಲ್ಲ. ಫಾರ್ಮ್ಯಾಟ್ ಮಾಡಿದ ಇನ್ನೊಂದು ಪೆನ್ ಡ್ರೈವ್ ಅನ್ನು ಅದೇ ಕಂಪ್ಯೂಟರ್‌ಗೆ ಹಾಕಿ ಒಂದು ಫೋಲ್ಡರ್ ನಕಲಿಸಿದ ಕೂಡಲೇ ಅದೂ ಶಾರ್ಟ್‌ಕಟ್ ಆಯಿತು. ಇಷ್ಟಾದರೂ ಆಂಟಿವೈರಸ್ ಮಾತ್ರ ಯಾವ ಅಪಾಯವೂ ಇಲ್ಲವೆಂದೇ ತೋರಿಸುತ್ತಿದೆ. ಡ್ರೈವ್‌ನಲ್ಲಿರುವ ಕೆಲವು ದಾಖಲೆಗಳಿಗೆ ಬೇರೆ ಪ್ರತಿಯಿಲ್ಲ. ಅವನ್ನು ಉಳಿಸಿಕೊಳ್ಳುವುದು ಹೇಗೆ, ಫಾರ್ಮ್ಯಾಟ್ ಮಾಡಿದರೂ ಇದು ಮರಳುತ್ತಿರುವುದೇಕೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಮೊದಲಿಗೆ, ಆ ಡ್ರೈವ್ ಅನ್ನು ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಬಳಕೆಯಾದ ಜಾಗ ಕಡಿಮೆಯಾಗಿಲ್ಲವೆಂದರೆ ನಿಮ್ಮ ಕಡತಗಳು ಹೆಚ್ಚಾಗಿ ಅಲ್ಲೇ ಸುರಕ್ಷಿತವಾಗಿವೆ ಎಂದರ್ಥ. ಈ ಬಗೆಯ ಕುತಂತ್ರಾಂಶವು ನಿಜವಾದ ಫೋಲ್ಡರ್‌ಗಳನ್ನು ಅಳಿಸುವುದಿಲ್ಲ; ಅವುಗಳಿಗೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಗುಣಗಳನ್ನು ಹಚ್ಚಿ ಕಣ್ಮರೆ ಮಾಡುತ್ತದೆ, ಆ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ.

ಒಂದು ಶಾರ್ಟ್‌ಕಟ್‌ನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಸಾಲನ್ನು ಓದಿ ನೋಡಿ. ಅಲ್ಲಿ ಫೋಲ್ಡರ್‌ನ ವಿಳಾಸವಷ್ಟೇ ಇರಬೇಕಿತ್ತು. ಅದರ ಬದಲು ಕಮಾಂಡ್ ಪ್ರಾಂಪ್ಟ್ ಅನ್ನು (ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ಇಲ್ಲವೇ ಡಬ್ಲ್ಯೂಸ್ಕ್ರಿಪ್ಟ್ ಅನ್ನು (ಸ್ಕ್ರಿಪ್ಟ್, ಅಂದರೆ ಪಠ್ಯರೂಪದ ಆದೇಶಗಳ ಕಡತವನ್ನು ಓಡಿಸುವ ವಿಂಡೋಸ್ ಸಾಧನ) ಕರೆಯುವ ಉದ್ದನೆಯ ಸಾಲೊಂದು ಕಾಣಬಹುದು. ಆ ಸಾಲು ಮೊದಲು ಡ್ರೈವ್‌ನಲ್ಲಿ ಅಡಗಿರುವ ಸ್ಕ್ರಿಪ್ಟ್ ಅನ್ನು ಓಡಿಸುತ್ತದೆ, ಅದರ ಬೆನ್ನಿಗೇ ನಿಜವಾದ ಫೋಲ್ಡರ್ ಅನ್ನೂ ತೆರೆದು ತೋರಿಸುತ್ತದೆ. ಬೇಕಾದ ಕಡತ ಕಣ್ಣೆದುರಿಗೆ ಬರುವುದರಿಂದ ಯಾರಿಗೂ ಅನುಮಾನ ಹುಟ್ಟುವುದಿಲ್ಲ, ಮತ್ತು ಪ್ರತಿ ಕ್ಲಿಕ್ಕಿಗೂ ಸ್ಕ್ರಿಪ್ಟ್ ಮತ್ತೆ ಓಡುತ್ತದೆ. ಆದ್ದರಿಂದ ಆ ಶಾರ್ಟ್‌ಕಟ್‌ಗಳನ್ನು ಇನ್ನು ಮುಂದೆ ತೆರೆಯಬೇಡಿ.

ಸೋಂಕಿಲ್ಲದ, ಎಲ್ಲ ಅಪ್‌ಡೇಟ್‌ಗಳನ್ನೂ ಪಡೆದಿರುವ ಬೇರೊಂದು ಕಂಪ್ಯೂಟರ್‌ಗೆ ಡ್ರೈವ್ ಹಾಕಿ (ಲಿನಕ್ಸ್ ಇರುವ ಯಂತ್ರವಾದರೆ ಇನ್ನೂ ಒಳ್ಳೆಯದು, ಏಕೆಂದರೆ ವಿಂಡೋಸ್‌ಗೆಂದು ಬರೆದ ಈ ಸ್ಕ್ರಿಪ್ಟ್‌ಗಳು ಅಲ್ಲಿ ತಾವಾಗಿ ಓಡಲಾರವು, ಅಡಗಿಸಿದ ಫೋಲ್ಡರ್‌ಗಳೂ ಸಾಮಾನ್ಯವಾಗಿ ನೇರವಾಗಿ ಕಾಣಿಸುತ್ತವೆ). ವಿಂಡೋಸ್ ಆದರೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಡ್ರೈವ್‌ಗೆ ಹೋಗಿ ಅಟ್ರಿಬ್ ಎಂಬ ಕಮಾಂಡ್‌ಗೆ ಮೈನಸ್ ಎಚ್, ಮೈನಸ್ ಎಸ್ ಸೂಚನೆಗಳನ್ನು ಕೊಡಿ. ಒಳಗಿನ ಫೋಲ್ಡರ್‌ಗಳಿಗೂ ಅನ್ವಯವಾಗಲು ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಸೇರಿಸಿ. ಕೆಲವು ಪ್ರಭೇದಗಳು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರ್‌ಗೆ ಸಾಗಿಸಿರುತ್ತವೆ; ಹಾಗಿದ್ದರೆ ಅದರೊಳಗೆ ಹುಡುಕಿ. ನಿಮ್ಮ ದಾಖಲೆಗಳನ್ನಷ್ಟೇ ಬೇರೆಡೆಗೆ ನಕಲಿಸಿಕೊಳ್ಳಿ, ಶಾರ್ಟ್‌ಕಟ್‌ಗಳನ್ನೂ ನೀವು ಇಟ್ಟಿರದ ಸ್ಕ್ರಿಪ್ಟ್‌ಗಳನ್ನೂ ಬಿಟ್ಟುಬಿಡಿ. ಫಾರ್ಮ್ಯಾಟ್ ಮಾಡುವುದೇನಿದ್ದರೂ ಆಮೇಲೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ಮರಳಿ ಬರುವ ವಿಚಾರವನ್ನಷ್ಟೇ ನಾನು ಸೇರಿಸುತ್ತೇನೆ. ಸೋಂಕು ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ, ಪೆನ್ ಡ್ರೈವ್ ಅದನ್ನು ಹೊತ್ತೊಯ್ಯುವ ವಾಹಕ ಮಾತ್ರ. ಮೊದಲ ಕ್ಲಿಕ್ಕಿನಲ್ಲೇ ಆ ಸ್ಕ್ರಿಪ್ಟ್ ತನ್ನ ಪ್ರತಿಯೊಂದನ್ನು ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರ್‌ನಲ್ಲಿ ಇಟ್ಟುಕೊಂಡು, ವಿಂಡೋಸ್ ಶುರುವಾದಾಗಲೆಲ್ಲ ತಾನೂ ಓಡುವಂತೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ನಮೂದು ಮಾಡಿಕೊಂಡಿರುತ್ತದೆ. ಬಳಿಕ ಹಿನ್ನೆಲೆಯಲ್ಲಿ ಕಾಯುತ್ತ, ಹೊಸ ಡ್ರೈವ್ ಬಂದೊಡನೆ ಅದಕ್ಕೆ ಅಂಟಿಕೊಳ್ಳುತ್ತದೆ.

ಹಾಗಾಗಿ ಶುಚಿಗೊಳಿಸುವ ಕ್ರಮ ಮುಖ್ಯ. ಮೊದಲು ಇಂಟರ್‌ನೆಟ್ ಸಂಪರ್ಕ ಕಡಿದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಓಡುತ್ತಿದ್ದರೆ ನಿಲ್ಲಿಸಿ. ಸ್ಟಾರ್ಟಪ್ ಪಟ್ಟಿಯಲ್ಲೂ ಟಾಸ್ಕ್ ಶೆಡ್ಯೂಲರ್‌ನಲ್ಲೂ ಅಪರಿಚಿತ ಸ್ಕ್ರಿಪ್ಟ್‌ಗಳಿದ್ದರೆ ಅವುಗಳ ವಿಳಾಸ ಗುರುತಿಸಿಕೊಂಡು ತೆಗೆಯಿರಿ. ಬಳಿಕ ವಿಂಡೋಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಅದು ಪರಿಶೀಲಿಸುವುದರಿಂದ ಕುತಂತ್ರಾಂಶಕ್ಕೆ ಅಡಗಿಕೊಳ್ಳುವ ಅವಕಾಶ ಕಡಿಮೆ.

ಡ್ರೈವ್‌ಗಳ ಮೂಲಕ ಹರಡುವ ಈ ಉಪಾಯ ಹೊಸದಲ್ಲ. 1986ರ ಬ್ರೈನ್ ವೈರಸ್ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಭಾಗ) ಕುಳಿತು ಹರಡಿತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವರ್ಮ್‌ನ (ತಾನಾಗಿ ಹರಡುವ ಕುತಂತ್ರಾಂಶ) ಕೆಲವು ಆವೃತ್ತಿಗಳು, ಡ್ರೈವ್ ಹಾಕಿದೊಡನೆ ಅದರಲ್ಲಿನ ತಂತ್ರಾಂಶವನ್ನು ಓಡಿಸುವ ವಿಂಡೋಸ್‌ನ ಆಟೋರನ್ ಸೌಲಭ್ಯವನ್ನು ಬಳಸಿಕೊಂಡವು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್ ಡ್ರೈವ್‌ಗಳಿಗೆ ಆಟೋರನ್ ನಿಲ್ಲಿಸಿತು. ತಾನಾಗಿ ಓಡುವ ದಾರಿ ಮುಚ್ಚಿದ ಮೇಲೆ, ಬಳಕೆದಾರರ ಕೈಯಿಂದಲೇ ಕ್ಲಿಕ್ ಮಾಡಿಸುವ ಶಾರ್ಟ್‌ಕಟ್‌ನಂಥ ಉಪಾಯಗಳಿಗೆ ಹೆಚ್ಚಿನ ಬೆಲೆ ಬಂತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಟ್ರಿಬ್ ಕಮಾಂಡ್‌ನಿಂದ ಫೋಲ್ಡರ್‌ಗಳು ಮತ್ತೆ ಕಾಣಿಸಿಕೊಂಡವು, ದಾಖಲೆಗಳೂ ತೆರೆಯುತ್ತಿವೆ. ಆದರೆ ಒಂದು ಸಂಶಯ ಉಳಿದಿದೆ. ಕಣ್ಣಿಗೆ ಕಾಣುವಂತೆ ಹಾವಳಿ ಮಾಡುತ್ತಿದ್ದುದನ್ನು ಆಂಟಿವೈರಸ್ ಗುರುತಿಸಲಿಲ್ಲವೆಂದರೆ ಅದನ್ನು ಇಟ್ಟುಕೊಂಡು ಪ್ರಯೋಜನವೇನು?

ಉತ್ತರ 3

ಪ್ರಯೋಜನವಿದೆ, ಆದರೆ ಅದರ ವರದಿಯನ್ನು ಸರಿಯಾಗಿ ಓದಬೇಕು. ಏನೂ ಸಿಗಲಿಲ್ಲ ಎಂದರೆ, ತನಗೆ ಪರಿಚಯವಿರುವ ಅಥವಾ ಅನುಮಾನ ಹುಟ್ಟಿಸುವಂಥದ್ದೇನೂ ಸಿಗಲಿಲ್ಲ ಎಂದಷ್ಟೇ ಅರ್ಥ. ಆಂಟಿವೈರಸ್ ಒಂದೆಡೆ ಈಗಾಗಲೇ ಗೊತ್ತಿರುವ ಕುತಂತ್ರಾಂಶಗಳ ಗುರುತುಗಳನ್ನು ಹೋಲಿಸಿ ನೋಡುತ್ತದೆ, ಇನ್ನೊಂದೆಡೆ ತಂತ್ರಾಂಶದ ನಡವಳಿಕೆಯನ್ನು ಗಮನಿಸುತ್ತದೆ. ಸ್ಕ್ರಿಪ್ಟ್ ಎಂಬುದು ಬರಿಯ ಪಠ್ಯವಾದ್ದರಿಂದ, ಅದರೊಳಗಿನ ಹೆಸರುಗಳನ್ನು ಬದಲಿಸಿ ಸಾಲುಗಳನ್ನು ಗೋಜಲು ಮಾಡಿಬಿಟ್ಟರೆ ಹಳೆಯ ಗುರುತು ಹೊಂದುವುದಿಲ್ಲ, ಕೆಲಸ ಮಾತ್ರ ಅದೇ ಆಗಿರುತ್ತದೆ.

ಎಷ್ಟೇ ಸುಧಾರಿಸಿದರೂ ಇಲ್ಲಿ ಒಂದು ಮಿತಿ ಉಳಿದೇ ಉಳಿಯುತ್ತದೆ. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಇದನ್ನು ತರ್ಕದಿಂದ ತೋರಿಸಿದ್ದರು, ಆ ತರ್ಕ ನನಗೆ ಇಂದಿಗೂ ಬಹಳ ಇಷ್ಟ. ಎಲ್ಲ ವೈರಸ್‌ಗಳನ್ನೂ ತಪ್ಪದೆ ಗುರುತಿಸುವ ಪತ್ತೆಗಾರ ತಂತ್ರಾಂಶವೊಂದಿದೆ ಎಂದಿಟ್ಟುಕೊಳ್ಳಿ. ಆಗ ಆ ಪತ್ತೆಗಾರನನ್ನೇ ತನ್ನೊಳಗೆ ಇಟ್ಟುಕೊಂಡು, ನಾನು ವೈರಸ್ಸೇ ಎಂದು ಕೇಳುವ ಇನ್ನೊಂದು ತಂತ್ರಾಂಶವನ್ನು ಬರೆಯಬಹುದು. ಹೌದೆಂಬ ಉತ್ತರ ಬಂದರೆ ಅದು ಹರಡದೆ ಸುಮ್ಮನಿರುತ್ತದೆ, ಇಲ್ಲವೆಂದರೆ ಹರಡುತ್ತದೆ. ಎರಡರಲ್ಲಿ ಯಾವುದನ್ನು ಹೇಳಿದರೂ ಪತ್ತೆಗಾರ ತಪ್ಪುತ್ತಾನೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಕೂಡಲೇ ಮಾಡಬಹುದಾದ ಕೆಲಸವೊಂದಿದೆ: ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಡತಗಳ ವಿಸ್ತರಣೆ (ಹೆಸರಿನ ಕೊನೆಯಲ್ಲಿದ್ದು ಕಡತದ ಬಗೆ ತಿಳಿಸುವ ಅಕ್ಷರಗಳು) ಕಾಣುವಂತೆ ಮಾಡಿಕೊಳ್ಳಿ. 2000ದ ಮೇ ತಿಂಗಳಲ್ಲಿ ಐ ಲವ್ ಯೂ ಎಂಬ ವರ್ಮ್ ಇಮೇಲ್ ಮೂಲಕ ಜಗತ್ತಿನಾದ್ಯಂತ ಹರಡಿದಾಗ, ಅದರ ಲಗತ್ತಿನ ಹೆಸರು ಟಿಎಕ್ಸ್‌ಟಿ (ಬರಿಯ ಪಠ್ಯದ ಕಡತ) ಎಂದು ಕೊನೆಗೊಳ್ಳುವಂತೆ ಕಾಣುತ್ತಿತ್ತು. ಅದರ ನಂತರವಿದ್ದ ವಿಬಿಎಸ್ (ಸ್ಕ್ರಿಪ್ಟ್ ಕಡತ) ಎಂಬ ನಿಜವಾದ ವಿಸ್ತರಣೆಯನ್ನು ವಿಂಡೋಸ್ ಮರೆಮಾಡಿತ್ತು. ಅಷ್ಟು ವರ್ಷಗಳ ಮೇಲೂ ವಿಂಡೋಸ್ ಇದನ್ನು ಮೊದಲಿನಿಂದಲೇ ಮರೆಮಾಡಿಯೇ ಕೊಡುತ್ತಿರುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಶಾರ್ಟ್‌ಕಟ್‌ನ ಎಲ್ಎನ್‌ಕೆ ವಿಸ್ತರಣೆ ಮಾತ್ರ ಈ ಆಯ್ಕೆಯಿಂದಲೂ ಕಾಣಿಸದು, ಅಲ್ಲಿ ಬಾಣದ ಗುರುತನ್ನೇ ನೋಡಬೇಕು.

ಇನ್ನೊಂದು ಮಾತು. ಇಂಥ ಶಾರ್ಟ್‌ಕಟ್ ವರ್ಮ್‌ಗಳಲ್ಲಿ ಕೆಲವು ಹರಡುವುದಷ್ಟೇ ಅಲ್ಲ, ದೂರದಿಂದ ಕಂಪ್ಯೂಟರನ್ನು ನಿಯಂತ್ರಿಸಲೂ ದಾರಿ ಮಾಡಿಕೊಡುತ್ತವೆ. ಆದ್ದರಿಂದ ಆ ಯಂತ್ರದಲ್ಲಿ ಬಳಸಿದ್ದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೆ ಸಾಧನದಿಂದ ಇಂದೇ ಬದಲಿಸಿ. ಆಫ್‌ಲೈನ್ ಸ್ಕ್ಯಾನ್ ಆದ ಮೇಲೆ ಖಾಲಿ ಪೆನ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಪರೀಕ್ಷಿಸಿ; ಆಗಲೂ ಶಾರ್ಟ್‌ಕಟ್ ಹುಟ್ಟಿದರೆ ವಿಂಡೋಸ್ ಅನ್ನು ಹೊಸದಾಗಿ ಅಳವಡಿಸಿಕೊಳ್ಳಿ.